ನೀರಿನ ಘಟಕ ರಿಪೇರಿ ಮಾಡಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಎಂಟು ತಿಂಗಳಾಯಿತು. ಎರಡು ವರ್ಷದ ಹಿಂದೆ ತಾವೇ ಟೇಪು ಕತ್ತರಿಸಿ, ಮೊದಲ ಲೋಟ ಕುಡಿದು ಫೋಟೊ ತೆಗೆಸಿಕೊಂಡ ಘಟಕ. ಈಗ ಬಾಗಿಲಿಗೆ ಬೀಗ, ಕಾಯಿನ್ ಹಾಕುವ ತೂತಿಗೆ ಜೇಡರ ಬಲೆ. ಪಂಚಾಯಿತಿಗೆ ಮೂರು ಅರ್ಜಿ ಕೊಟ್ಟೆ. "ನೀರು ಸೋಸುವ ಮೆಂಬ್ರೇನ್ ಹೋಗಿದೆ, ಗುತ್ತಿಗೆದಾರ ಫೋನ್ ಎತ್ತುತ್ತಿಲ್ಲ, ಅಲ್ಲಿವರೆಗೂ ಬೋರ್‌ವೆಲ್ ನೀರು ಕಾಯಿಸಿ ಕುಡೀರಿ" ಅಂದರು. ಆ ನೀರಲ್ಲಿರುವ ಫ್ಲೋರೈಡ್ ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ ಅಂತ ಏಳನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ನಿಯಮ ತಮಗೆ ಗೊತ್ತಿದ್ದೇ ಇದೆ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಹೋದ ತಿಂಗಳು ಶಾಲೆಯಲ್ಲಿ ದಂತ ಶಿಬಿರ ನಡೆಯಿತು. ಬಂದವರೊಬ್ಬರು ಹಲ್ಲಲ್ಲಿ ಕಲೆಯಿರುವ, ಐದನೇ ಕ್ಲಾಸಿನ ನನ್ನ ಮಗಳನ್ನು ಮುಂದೆ ನಿಲ್ಲಿಸಿ, ಬಾಯಿ ತೆರೆಸಿ, "ಹಲ್ಲು ಉಜ್ಜದಿದ್ದರೆ ಹೀಗಾಗುತ್ತೆ ನೋಡಿ" ಅಂದರಂತೆ. ಎರಡು ಹೊತ್ತೂ ಉಜ್ಜುವ ಹುಡುಗಿ ಅವಳು! ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಕೂತು ಇಟ್ಟಿಗೆ ಪುಡಿಗೆ ಉಪ್ಪು ಬೆರೆಸಿ ಉಜ್ಜುತ್ತಿದ್ದಳು. ಉಗಿದದ್ದೆಲ್ಲ ರಕ್ತ. "ಅಪ್ಪಾ, ಕಲೆ ಹೋಯ್ತಾ ನೋಡು" ಅಂದಳು. ಹೋಗುವುದಿಲ್ಲ ಸ್ವಾಮಿ. ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ನೀರಿನ ಫ್ಲೋರೈಡ್‌ನಿಂದ ಹಿಡಿದ ಕಲೆ ಅದು. ನಿಮ್ಮ ಘಟಕ ಬರುವ ಹೊತ್ತಿಗೆ ಕಾಲ ಮಿಂಚಿತ್ತು. ಈಗ ನಗುವಾಗ ಅಂಗೈ ಅಡ್ಡ ಹಿಡಿಯುತ್ತಾಳೆ. ಶಿಬಿರದವರು ಎಲ್ಲರಿಗೂ ಒಂದೊಂದು ಬ್ರಷ್ಷು ಹಂಚಿ ಹೋದರು. ಅದನ್ನು ಅದ್ದುವುದು ಅದೇ ನೀರಿಗೆ, ಬಿಸಿಯೂಟ ಬೇಯುವುದೂ ಅದೇ ನೀರಲ್ಲಿ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಈ ಹಲ್ಲಿನ ಕಥೆ ಹೊಸದೇನಲ್ಲ. ವಯಸ್ಸಾದ ಬಡವರಿಗೆ ಸರ್ಕಾರ ದಂತಭಾಗ್ಯದಲ್ಲಿ ಹಲ್ಲಿನ ಸೆಟ್ ಕಟ್ಟಿಸಿಕೊಡುತ್ತದೆ, ಸಂತೋಷ. ನನ್ನ ಮಗಳು ಅಷ್ಟು ವಯಸ್ಸಾಗುವ ತನಕ ಬಾಯಿ ಮುಚ್ಚಿಕೊಂಡಿರಬೇಕೇ?

ಅವಳದು ಆದದ್ದು ಆಯಿತು. ಮಗನಿಗೆ ಮೂರು ವರ್ಷ. ಅವನ ಶಾಶ್ವತ ಹಲ್ಲು ಒಳಗೆ ಈಗ ತಯಾರಾಗುತ್ತಿವೆ, ಅಂಗನವಾಡಿಯಲ್ಲಿ ಕುಡಿಯುವುದು ಬೋರ್‌ವೆಲ್ ನೀರು. ನಿಮ್ಮ ಟೆಂಡರ್ ಮುಗಿಯಲಿ ಅಂತ ಆ ಹಲ್ಲು ಕಾಯುವುದಿಲ್ಲ. ಘಟಕ ರಿಪೇರಿ ಮಾಡಿಸಿ. ಅಲ್ಲಿಯವರೆಗೆ ಶಾಲೆಗೆ, ಅಂಗನವಾಡಿಗೆ ಟ್ಯಾಂಕರ್‌ನಲ್ಲಾದರೂ ಒಳ್ಳೆ ನೀರು ಕಳಿಸಿ. ಕಳಿಸಿದೆವಲ್ಲ ಅಂತ ಸುಮ್ಮನಾಗಬೇಡಿ, ಘಟಕ ರಿಪೇರಿ ಮಾಡಿಸಿ.

ಪಕ್ಕದೂರಿನ ಘಟಕ ಆರು ಗಂಟೆಗೆ ಬಾಗಿಲು ಹಾಕುತ್ತದೆ. ಟಿವಿಎಸ್‌ಗೆ ಎರಡು ಕ್ಯಾನ್ ಕಟ್ಟಿಕೊಂಡು ಹೊರಡಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ