ನಿನ್ನ ಬದುವಿನ ಉತ್ತರಾಣಿ ಹಿಮದ ಹೊಸ್ತಿಲಿನವರೆಗೆ

ಸರಸ್ವತಿಪುರಂ, ಮೈಸೂರು

ಪ್ರಿಯ ಗೆಳೆಯ ಪುಟ್ಟಸ್ವಾಮಿಗೆ,

ನಾನು ಕ್ಷೇಮ. ನೀನೂ ಮನೆಯವರೆಲ್ಲರೂ ಸೌಖ್ಯವಾಗಿದ್ದೀರೆಂದು ನಂಬಿದ್ದೇನೆ. ಅಂಟಾರ್ಕ್ಟಿಕದಿಂದ ಹಿಂದಿರುಗಿ ಹದಿನೈದು ದಿನಗಳಾದವು. ಫೋನಿನಲ್ಲಿ ನೀನು ಕೇಳಿದ್ದಕ್ಕೆಲ್ಲ ಅರ್ಧಂಬರ್ಧ ಉತ್ತರ ಕೊಟ್ಟೆನೆಂಬ ಕೊರಗು ಉಳಿದಿದ್ದರಿಂದ ಕೂತು ಬರೆಯುತ್ತಿದ್ದೇನೆ. ನಮ್ಮ ಹಳೆಯ ವಿದ್ಯಾರ್ಥಿಗಳೂ ಓದಲೆಂದು ಇದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತೇನೆ, ನಿನ್ನ ಅಭ್ಯಂತರವಿರಲಾರದು.

ಮೊದಲು ನಿನಗೆ ಸಂಬಂಧಿಸಿದ ಸಂಗತಿಯನ್ನೇ ಹೇಳುತ್ತೇನೆ. ಕಳೆದ ನವೆಂಬರಿನಲ್ಲಿ ನಾಲೆಯ ಏರಿಯ ಮೇಲೆ ನಡೆದು ನಿನ್ನ ಗದ್ದೆಗೆ ಬಂದಿದ್ದೆನಲ್ಲ, ಆಗ ಹೆಗಲಲ್ಲಿದ್ದ ಕ್ಯಾಮೆರಾ ಚೀಲವನ್ನೇ ಈ ಪ್ರವಾಸಕ್ಕೂ ಒಯ್ದಿದ್ದೆ. ಅರ್ಜೆಂಟೀನಾದ ಉಶುವಾಯಾ ಬಂದರನ್ನು ಬಿಟ್ಟ ಮರುದಿನ ಹಡಗಿನ ಸಿಬ್ಬಂದಿ ನಮ್ಮನ್ನೆಲ್ಲ ಸಭಾಂಗಣಕ್ಕೆ ಕರೆದು, ಹೊರಗೆ ತೊಡುವ ಜಾಕೆಟ್ಟು, ಟೋಪಿ, ಕೈಚೀಲ, ಬೂಟುಗಳನ್ನು ಒಂದೊಂದಾಗಿ ತಪಾಸಣೆ ಮಾಡಿದರು. ಜೇಬಿನ ಮೂಲೆಗಳ ಧೂಳನ್ನು ಯಂತ್ರದಿಂದ ಹೀರಿ ತೆಗೆದರು. ವೆಲ್ಕ್ರೋ ಪಟ್ಟಿಗಳ ಎಳೆಗಳ ನಡುವೆ ಚಿಮಟ ಹಿಡಿದು ಹುಡುಕಿದರು. ನನ್ನ ಚೀಲದ ಪಟ್ಟಿಯಿಂದ ಕಂದು ಬಣ್ಣದ ಪುಟ್ಟ ಕಾಳೊಂದನ್ನು ಕಿತ್ತ ತರುಣಿ ಅದನ್ನು ಬಿಳಿಯ ಕಾಗದದ ಮೇಲಿಟ್ಟು, ಇದು ಯಾವುದೆಂದು ನಿಮಗೆ ಗೊತ್ತೇ ಎಂದು ಕೇಳಿದಳು. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿದವನಿಗೆ ಅದನ್ನು ಗುರುತಿಸಲು ಭೂತಗನ್ನಡಿ ಬೇಕಾಗಲಿಲ್ಲ. ಎರಡು ಚೂಪಾದ ಮುಳ್ಳುಗಳನ್ನು ಚಾಚಿಕೊಂಡು, ಪಂಚೆಯ ಅಂಚಿಗೆ ಅಂಟಿದರೆ ಬಿಡದೆ ಊರಿನಿಂದ ಊರಿಗೆ ಸಾಗುವ ಉತ್ತರಾಣಿ! ನಿನ್ನ ಬದುವಿನದಲ್ಲದೆ ಬೇರೆಲ್ಲಿಯದೂ ಆಗಿರಲಾರದು.

ನಮ್ಮ ಬಿಸಿಲಿನ ಗಿಡ ಆ ಚಳಿಯಲ್ಲಿ ಮೊಳೆಯುವುದಿಲ್ಲವೆಂದು ನಾನು ಬಲ್ಲೆ. ಆದರೂ ಆಕೆಯ ಕಾಳಜಿ ಅತಿಯಾದದ್ದೆಂದು ನನಗೆ ಒಂದು ಗಳಿಗೆಯೂ ಅನಿಸಲಿಲ್ಲ. ಅಂಟಾರ್ಕ್ಟಿಕದಲ್ಲಿ ಸಹಜವಾಗಿ ಬೆಳೆಯುವ ಹೂಬಿಡುವ ಸಸ್ಯಗಳು ಇರುವುದೇ ಎರಡು. ಒಂದು ಕೂದಲಿನಂಥ ಹುಲ್ಲು, ಇನ್ನೊಂದು ಮೆತ್ತೆಯಂತೆ ನೆಲಕ್ಕಂಟಿ ಬೆಳೆಯುವ ಪುಟ್ಟ ಗಿಡ. ಇವುಗಳ ನೆಲದಲ್ಲಿ, ಕಿಂಗ್ ಜಾರ್ಜ್ ದ್ವೀಪದ ಸಂಶೋಧನಾ ಕೇಂದ್ರವೊಂದರ ಸುತ್ತ, ಮನುಷ್ಯರ ಜೊತೆಯಲ್ಲಿ ಬಂದ ಪೋವಾ ಆನ್ಯುವಾ ಎಂಬ ಹುಲ್ಲು ಈಗಾಗಲೇ ಬೇರೂರಿದೆ. ಒಮ್ಮೆ ಬಂದ ಕಳೆಯನ್ನು ಕೀಳುವುದು ಎಂಥ ಕೆಲಸವೆಂದು ಪಾರ್ಥೇನಿಯಂ ಜೊತೆ ಹೆಣಗಿರುವ ನಿನಗೆ ನಾನು ಹೇಳಬೇಕಾಗಿಲ್ಲ. ಆ ಕಾಳನ್ನು ಲಕೋಟೆಗೆ ಹಾಕಿ ಮುಚ್ಚಿದರು. ನಾನು ಚೀಲವನ್ನು ಇನ್ನೊಮ್ಮೆ ತಿರುವಿ ನೋಡಿ ಸಹಿ ಹಾಕಿದೆ.

ಇದೆಲ್ಲ ನಡೆದದ್ದು ಡ್ರೇಕ್ ಜಲಸಂಧಿಯ ಮೇಲೆ. ದಕ್ಷಿಣ ಅಮೆರಿಕದ ತುದಿಗೂ ಅಂಟಾರ್ಕ್ಟಿಕಕ್ಕೂ ನಡುವೆ ಸುಮಾರು 800 ಕಿಲೋಮೀಟರ್ ಅಗಲದ ಈ ಕಡಲನ್ನು ದಾಟಲು ಎರಡು ದಿನ ಬೇಕು. ಊಟದ ಮೇಜಿನ ಬಟ್ಟೆಯನ್ನು ತಟ್ಟೆಗಳು ಜಾರದಿರಲೆಂದು ಒದ್ದೆ ಮಾಡಿ ಹಾಸಿದ್ದರು. ಓಡಾಡುವಾಗ ಒಂದು ಕೈ ಸದಾ ಕಂಬಿಯ ಮೇಲಿರಬೇಕು. ನಾನು ಮೊದಲ ದಿನ ಗಂಜಿಯನ್ನು ಬಿಟ್ಟು ಬೇರೇನನ್ನೂ ಮುಟ್ಟಲಾಗಲಿಲ್ಲ. ಎರಡನೆಯ ದಿನ ತಲೆಯೆತ್ತಿ ಹಿಂಬದಿಯ ಅಟ್ಟಕ್ಕೆ ಹೋದಾಗ ಆಲ್ಬಟ್ರಾಸ್ ಕಂಡಿತು. ರೆಕ್ಕೆಗಳು ಈ ತುದಿಯಿಂದ ಆ ತುದಿಗೆ ಮೂರು ಮೀಟರಿಗೂ ಹೆಚ್ಚು. ಅಲೆಯ ಮರೆಗೆ ಇಳಿದು, ಗಾಳಿಗೆ ಎದುರಾಗಿ ಮೇಲೆದ್ದು, ಮತ್ತೆ ಹೊರಳಿ ಇಳಿಯುತ್ತ ಮುಕ್ಕಾಲು ಗಂಟೆ ನಮ್ಮ ಜೊತೆ ಬಂತು. ಅಷ್ಟು ಹೊತ್ತಿನಲ್ಲಿ ಅದು ರೆಕ್ಕೆ ಬಡಿದದ್ದನ್ನು ನಾನು ನೋಡಲೇ ಇಲ್ಲ.

ಸಣ್ಣ ಹಡಗೇ ಏಕೆ, ದೊಡ್ಡದರಲ್ಲಿ ಹೋಗಿದ್ದರೆ ಖರ್ಚು ಕಡಿಮೆಯಾಗುತ್ತಿತ್ತಲ್ಲ ಎಂದು ನೀನು ಕೇಳಿದ್ದೆ. ಅಲ್ಲಿ ಹಡಗು ನಡೆಸುವವರು 1991ರಲ್ಲಿ ಕಟ್ಟಿಕೊಂಡ ಒಕ್ಕೂಟದ ನಿಯಮದಂತೆ ಒಂದು ಸ್ಥಳದಲ್ಲಿ ಒಂದು ಹೊತ್ತಿಗೆ ನೂರಕ್ಕಿಂತ ಹೆಚ್ಚು ಪ್ರಯಾಣಿಕರು ನೆಲಕ್ಕಿಳಿಯುವಂತಿಲ್ಲ. ಐನೂರಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹೊತ್ತ ಹಡಗು ಯಾರನ್ನೂ ಇಳಿಸುವಂತೆಯೇ ಇಲ್ಲ. ನಮ್ಮ ಹಡಗಿನಲ್ಲಿದ್ದವರು ನೂರಕ್ಕಿಂತ ಕಡಿಮೆಯಾದ್ದರಿಂದ ಸರದಿ ಕಾಯುವ ಪ್ರಮೇಯವೇ ಬರಲಿಲ್ಲ. ಬೆಳಿಗ್ಗೆ ಧ್ವನಿವರ್ಧಕದಲ್ಲಿ ತಂಡದ ನಾಯಕನ ದನಿ ಕೇಳಿಸುತ್ತಿತ್ತು: ಇಂದಿನ ಗಾಳಿ ಇಷ್ಟು, ಹಿಮಗಡ್ಡೆ ಇಂಥ ಕಡೆ ತುಂಬಿದೆ, ಆದ್ದರಿಂದ ನಿನ್ನೆ ಹೇಳಿದ ಜಾಗಕ್ಕೆ ಹೋಗುತ್ತಿಲ್ಲ. ತಿಂಡಿ ಮುಗಿಸಿ, ಪದರ ಪದರವಾಗಿ ಬಟ್ಟೆ ತೊಟ್ಟು, ಬೂಟನ್ನು ಸೋಂಕುನಿವಾರಕದ ತೊಟ್ಟಿಯಲ್ಲಿ ಅದ್ದಿ, ಹತ್ತು ಹತ್ತು ಜನರಂತೆ ಗಾಳಿ ತುಂಬಿದ ರಬ್ಬರ್ ದೋಣಿಗೆ ಇಳಿಯಬೇಕು. ದೋಣಿಯವನ ಅಂಗೈಯನ್ನಲ್ಲ, ಮುಂಗೈಯನ್ನು ಹಿಡಿಯಬೇಕು. ಒಬ್ಬರ ಹಿಡಿತ ಸಡಿಲವಾದರೂ ಇನ್ನೊಬ್ಬರದು ಉಳಿಯುತ್ತದೆ. ಹಿಂದಿರುಗಿದ ಮೇಲೆ ಬೂಟಿನ ಗೀರುಗಳಲ್ಲಿ ಸಿಕ್ಕ ಕಲ್ಲುಪುಡಿ ಹೋಗುವವರೆಗೂ ಬ್ರಷ್ಷಿನಿಂದ ಉಜ್ಜಬೇಕು. ಮಧ್ಯಾಹ್ನ ಇನ್ನೊಂದು ಜಾಗ, ಮತ್ತೆ ಅದೇ ಕ್ರಮ. ರಾತ್ರಿಯೆಂಬುದು ಹೆಸರಿಗೆ ಮಾತ್ರವಿದ್ದ ಆ ಡಿಸೆಂಬರಿನಲ್ಲಿ ಹತ್ತು ಗಂಟೆಗೂ ಬೆಳಕು ಹರಿದಿರುತ್ತಿತ್ತು. ಊಟದ ವಿಷಯಕ್ಕೆ ಬಂದರೆ, ಅನ್ನಕ್ಕೂ ಮೊಸರಿಗೂ ಕೊರತೆಯಾಗಲಿಲ್ಲ, ಅಷ್ಟು ಸಾಕು.

ಕ್ಯೂವರ್‌ವಿಲ್ ದ್ವೀಪದಲ್ಲಿ ಇಳಿದ ದಿನದ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ದಡ ಇನ್ನೂ ದೂರವಿರುವಾಗಲೇ ವಾಸನೆ ಬಂತು. ಕೊಕ್ಕರೆಬೆಳ್ಳೂರಿನ ಹುಣಸೆಮರಗಳ ಕೆಳಗೆ ಹೆಜ್ಜಾರ್ಲೆಗಳ ಹಿಕ್ಕೆಯ ವಾಸನೆಗೆ ನೀನು ಮೂಗು ಮುಚ್ಚಿಕೊಂಡಿದ್ದೆಯಲ್ಲ, ಅದಕ್ಕೆ ಮೀನಿನ ಘಾಟು ಸೇರಿಸಿಕೊಂಡರೆ ಹೇಗೋ ಹಾಗೆ. ಅಲ್ಲಿರುವವು ಜೆಂಟೂ ಪೆಂಗ್ವಿನ್‌ಗಳು: ಕಿತ್ತಳೆಗೆಂಪಿನ ಕೊಕ್ಕು, ಕಣ್ಣಿನ ಮೇಲೊಂದು ಬಿಳಿಯ ಪಟ್ಟಿ. ಸಿಗಡಿಯನ್ನು ಹೋಲುವ ಕ್ರಿಲ್ ತಿನ್ನುವುದರಿಂದ ಅವುಗಳ ಹಿಕ್ಕೆ ಗುಲಾಬಿ ಬಣ್ಣದ್ದಾಗಿ ಬಂಡೆಗಳಿಗೆಲ್ಲ ಬಳಿದಿತ್ತು. ಸಮುದ್ರದಿಂದ ಗೂಡಿನವರೆಗೆ ನಡೆದೂ ನಡೆದೂ ಹಿಮದಲ್ಲಿ ಅವು ಮಾಡಿಕೊಂಡ ಓಣಿಗಳಿವೆ. ಆ ಓಣಿಯಲ್ಲಿ ನಾವು ನಿಲ್ಲಬಾರದು. ಹಕ್ಕಿಯಿಂದ ಐದು ಮೀಟರ್ ದೂರವಿರಬೇಕು. ಅದು ತಾನಾಗಿ ನಡೆದು ಬಂದರೆ ನಾವೇ ಹಿಂದೆ ಸರಿಯಬೇಕು. ನಮ್ಮ ಕಾಲು ಹಿಮದಲ್ಲಿ ಹೂತು ಗುಂಡಿಯಾದರೆ ಅದನ್ನು ಮುಚ್ಚಿ ಮುಂದೆ ಹೋಗಬೇಕು, ಏಕೆಂದರೆ ಅದರಲ್ಲಿ ಬಿದ್ದ ಪೆಂಗ್ವಿನ್ ಮೇಲೆ ಬರಲಾರದೆ ಅಲ್ಲೇ ಸಾಯಬಹುದು. ಹಕ್ಕಿಜ್ವರದ ಭಯದಿಂದ ನೆಲದ ಮೇಲೆ ಕೂರುವುದೂ ಮಂಡಿಯೂರುವುದೂ ನಿಷಿದ್ಧ.

ನಾನು ಒಂದೇ ಒಂದು ಗೂಡನ್ನು ನೋಡುತ್ತ ನಿಂತೆ. ಹೆಣ್ಣೋ ಗಂಡೋ ತಿಳಿಯಲಿಲ್ಲ, ಒಂದು ಹಕ್ಕಿ ಕಲ್ಲುಗಳ ಗುಡ್ಡೆಯ ಮೇಲೆ ಮೊಟ್ಟೆಗೆ ಕಾವು ಕೊಡುತ್ತ ಕೂತಿತ್ತು. ಎರಡೂ ಸರದಿಯಲ್ಲಿ ಕೂರುತ್ತವೆ. ಅದರ ಜೊತೆಗಾರ ದಡದಿಂದ ಒಂದು ಬೆಣಚುಕಲ್ಲನ್ನು ಕೊಕ್ಕಿನಲ್ಲಿ ಹಿಡಿದು ಓಣಿಯಲ್ಲಿ ಏರಿ ಬಂತು. ಎರಡು ಸಲ ಜಾರಿತು, ಕಲ್ಲನ್ನು ಬಿಡಲಿಲ್ಲ. ಬಂದು ಕೂತಿದ್ದ ಹಕ್ಕಿಯ ಮುಂದೆ ಅದನ್ನಿಟ್ಟು ತಲೆಬಾಗಿತು. ಅದೂ ತಲೆಬಾಗಿ, ಕಲ್ಲನ್ನು ಎತ್ತಿ ತನ್ನ ಎದೆಯ ಪಕ್ಕದಲ್ಲಿ ಸರಿಯಾಗಿ ಜೋಡಿಸಿಕೊಂಡಿತು. ಹಿಮ ಕರಗಿ ನೀರು ಹರಿದಾಗ ಮೊಟ್ಟೆ ಒದ್ದೆಯಾಗದಂತೆ ಕಾಯುವುದು ಈ ಕಲ್ಲುಗಳೇ. ಕೊಕ್ಕರೆಬೆಳ್ಳೂರಿನವರು ಹಕ್ಕಿಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರಲ್ಲ, ಅಲ್ಲಿ ನಿಂತಾಗ ನನಗೆ ಆ ಮಾತೇ ನೆನಪಾಗಿ ಕಣ್ಣು ತುಂಬಿತು.

ತಿಮಿಂಗಿಲಗಳನ್ನೂ ಕಂಡೆವು. ಗೂನುಬೆನ್ನಿನ ತಿಮಿಂಗಿಲವೊಂದು ಮುಳುಗುವಾಗ ಬಾಲವೆತ್ತಿದಾಗ, ದೋಣಿಯವನು ಎಂಜಿನ್ನನ್ನು ನಿಲ್ಲಿಸಿದ. ಬಾಲದ ಅಡಿಭಾಗದ ಕಪ್ಪು ಬಿಳುಪಿನ ಗುರುತು ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಆ ಚಿತ್ರಗಳಿಂದಲೇ ಒಂದೊಂದನ್ನೂ ಗುರುತಿಸುತ್ತಾರೆ. ರಂಗನತಿಟ್ಟಿನಲ್ಲಿ ಅಂಬಿಗ ಮೊಸಳೆಯ ಬಂಡೆ ಹತ್ತಿರವಾದಾಗ ಹುಟ್ಟು ಹಾಕುವುದನ್ನು ನಿಲ್ಲಿಸಿ ದೋಣಿಯನ್ನು ತೇಲಿಬಿಡುತ್ತಾನಲ್ಲ, ಅದೇ ಜಾಣ್ಮೆ. ಮರುದಿನ ಡಿಸೆಪ್ಷನ್ ದ್ವೀಪದಲ್ಲಿ 1912ರಿಂದ 1931ರವರೆಗೆ ತಿಮಿಂಗಿಲಗಳ ಕೊಬ್ಬನ್ನು ಕರಗಿಸುತ್ತಿದ್ದ ಠಾಣೆಯ ತುಕ್ಕು ಹಿಡಿದ ಬಾಯ್ಲರುಗಳನ್ನು ನೋಡಿದೆವು. ಅಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಒಂದು ಭಾರವನ್ನು ನಿನ್ನಿಂದ ಮುಚ್ಚಿಡಲಾರೆ. ನಾನು ಹೋದ ವಿಮಾನದ ಹೊಗೆಯೂ ಹಡಗಿನ ಹೊಗೆಯೂ ಆ ಹಿಮಕ್ಕೆ ಒಳ್ಳೆಯದಲ್ಲ. ಕಡಲ ಹಿಮದ ಅಡಿಯ ಪಾಚಿಯನ್ನು ತಿಂದು ಕ್ರಿಲ್ ಮರಿಗಳು ಬದುಕುತ್ತವೆ. ಹಿಮ ಕಡಿಮೆಯಾದಂತೆ ಅಂಟಾರ್ಕ್ಟಿಕ ಪರ್ಯಾಯದ್ವೀಪದ ಪಶ್ಚಿಮದಲ್ಲಿ ಅಡೇಲಿ ಪೆಂಗ್ವಿನ್‌ಗಳು ಕಡಿಮೆಯಾಗಿ, ಜೆಂಟೂಗಳು ದಕ್ಷಿಣಕ್ಕೆ ಹಬ್ಬುತ್ತಿವೆ. ಜೀವನದಲ್ಲಿ ಒಮ್ಮೆ ನೋಡಬೇಕೆಂಬ ಆಸೆಯಿತ್ತು, ನೋಡಿದೆ. ಇನ್ನೊಮ್ಮೆ ಹೋಗುವುದಿಲ್ಲವೆಂದು ಹಡಗಿನಲ್ಲೇ ನಿರ್ಧರಿಸಿದೆ.

ಫೆಬ್ರವರಿಯಲ್ಲಿ ಹೆಜ್ಜಾರ್ಲೆಗಳು ಗೂಡಿನಲ್ಲಿರುವಾಗ ಬೆಳ್ಳೂರಿಗೆ ಹೋಗೋಣ. ಮದ್ದೂರಿನವರೆಗೆ ನಾನು ರೈಲಿನಲ್ಲಿ ಬರುತ್ತೇನೆ, ನೀನು ನಿಲ್ದಾಣದಲ್ಲಿ ಕಾಯುತ್ತಿರು. ಅದೇ ಕ್ಯಾಮೆರಾ ಚೀಲವನ್ನು ತರುತ್ತೇನೆ; ಚಿಮಟ ಈಗ ಅದರ ಹೊರಜೇಬಿನಲ್ಲೇ ಇರುತ್ತದೆ.

ಇಂತಿ ನಿನ್ನ ಗೆಳೆಯ