ಜುಲೈ ತಿಂಗಳಲ್ಲಿ ‘ತಾಜಾ ಅಂಜಲ್’ ಮೀನು: ಮಂಗಳೂರು–ಉಡುಪಿ ದಂಪತಿ ಪ್ರವಾಸದ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಸೇವಾ ನ್ಯೂನತೆ, ದಾರಿತಪ್ಪಿಸುವ ಜಾಹೀರಾತು ಮತ್ತು ಹಣ ವಾಪಸಾತಿ

ಮಾನ್ಯರೇ,

ಫೋನ್ ಮಾಡಿದಾಗಲೆಲ್ಲ ‘ಮೇಲಿನವರಿಗೆ ತಿಳಿಸ್ತೀವಿ’ ಎಂಬ ಒಂದೇ ಉತ್ತರ ಬರುತ್ತಿರುವುದರಿಂದ ಈಗ ಬರವಣಿಗೆಯಲ್ಲಿ ಕೊಡುತ್ತಿದ್ದೇವೆ.

‘ಬೆಳಿಗ್ಗೆ ಬೋಟಿನಿಂದ ಇಳಿದ ಅಂಜಲ್, ಮಧ್ಯಾಹ್ನ ನಿಮ್ಮ ತಟ್ಟೆಗೆ’ ಎಂದು ಜುಲೈ ತಿಂಗಳ ಪ್ರವಾಸಕ್ಕೆ ಜಾಹೀರಾತು ಹಾಕಿದ್ದೀರಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆ 61 ದಿನ ಬೋಟುಗಳು ಬಂದರಿನಲ್ಲೇ ಕಟ್ಟಿರುತ್ತವೆ, ಕಡಲಿಗಿಳಿಯುವುದು ನಾಡದೋಣಿ ಮಾತ್ರ. ಕರಾವಳಿ ಪ್ರವಾಸ ಮಾರುವವರಿಗೆ ಇದು ತಿಳಿಯದು ಎಂದರೆ ಯಾರೂ ನಂಬುವುದಿಲ್ಲ. ತಟ್ಟೆಗೆ ಬಂದದ್ದು ತಿಂಗಳುಗಟ್ಟಲೆ ಫ್ರೀಜರಿನಲ್ಲಿದ್ದಂಥ ಮೀನು. ಅಂಥ ಮೀನು ಕರಗುವಾಗ ನೀರು ಬಿಡುತ್ತದೆ. ಕಾವಲಿಯ ಮೇಲೆ ಮಸಾಲೆ ಹಿಡಿಯದೆ ಜಾರುತ್ತದೆ, ತುಂಡು ಮುಟ್ಟಿದರೆ ಪುಡಿಯಾಗುತ್ತದೆ. ನಮ್ಮ ತಟ್ಟೆಯಲ್ಲಿ ಆದದ್ದೂ ಅದೇ. ಫ್ರೀಜರಿನ ಮೀನು ಬಡಿಸುವುದು ಅಪರಾಧವಲ್ಲ. ತಾಜಾ ಎಂದು ಹೇಳಿ ದುಡ್ಡು ಇಸ್ಕೊಳ್ಳುವುದು ಅಪರಾಧ.

‘ಆರಾಮದ ಪ್ರವಾಸ’ ಎಂದಿರಿ. ಆದರೆ ನೀರುದೋಸೆಯನ್ನು ಡಬ್ಬದಲ್ಲಿ ಕಟ್ಟಿಸಿ ಕಾರಿನಲ್ಲಿ ಕೊಟ್ಟಿರಿ. ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ಅರೆದು, ನೀರಾಗಿ ಕದಡಿ, ಕಾದ ಕಾವಲಿಗೆ ಹೊಯ್ದು ಮುಚ್ಚಿ ಬೇಯಿಸುವ ದೋಸೆ ಅದು. ಬಿಸಿಬಿಸಿಯಾಗಿ ಒಂದರ ಮೇಲೊಂದು ಪೇರಿಸಿ ಮುಚ್ಚಳ ಹಾಕಿದರೆ ಹಬೆಗೆ ಅಂಟಿಕೊಂಡು ಒಂದೇ ಗಟ್ಟಿಯಾಗುತ್ತದೆ. ಕೋರಿ ರೊಟ್ಟಿಗೆ ಅಡುಗೆಮನೆಯಲ್ಲೇ ಸಾರು ಹೊಯ್ದು ತರಿಸಿದಿರಿ. ಒಣರೊಟ್ಟಿಗೆ ಎಲೆಯ ಮೇಲೆ ಸಾರು ಬೀಳಬೇಕು, ಅರ್ಧ ಗರಿ ಅರ್ಧ ಮೆತ್ತಗೆ ಇರುವಾಗಲೇ ಬಾಯಿಗೆ ಹೋಗಬೇಕು. ನಮಗೆ ಸಿಕ್ಕಿದ್ದು ಗಂಜಿ. ಗೋಳಿಬಜೆ ಎಣ್ಣೆಯಿಂದ ತೆಗೆದ ಕೂಡಲೇ ತಿನ್ನುವ ಸಂಜೆಯ ತಿಂಡಿ, ಅದನ್ನು ಮಧ್ಯಾಹ್ನದ ಊಟಕ್ಕೆ ತಣ್ಣಗೆ ಇಟ್ಟಿರಿ. ತುಳುನಾಡಿನ ಮಳೆಗಾಲದ ಆಟಿ ತಿಂಗಳು, ಎಲ್ಲೆಲ್ಲೂ ಕೆಸುವಿನೆಲೆ. ಆದರೂ ಆ ಎಲೆಯಿಂದಲೇ ಮಾಡುವ, ಪಟ್ಟಿಯಲ್ಲಿದ್ದ ಪತ್ರೊಡೆ ಮಾತ್ರ ‘ಲಭ್ಯವಿಲ್ಲ’.

ಇಷ್ಟನ್ನೂ ಸಹಿಸಬಹುದಿತ್ತು. ಉಡುಪಿಯಲ್ಲಿ ಆದದ್ದನ್ನು ಸಹಿಸಲಾಗದು.

ಹೋಟೆಲಿನಲ್ಲಿ ಊಟ ಮುಗಿಸಿ ಇಬ್ಬರಿಗೂ ಪುನರ್ಪುಳಿ ಶರಬತ್ತು, ಗಡ್‌ಬಡ್ ಐಸ್‌ಕ್ರೀಂ ಕೇಳಿದೆವು. ಎರಡೂ ನೀವು ಕೊಟ್ಟ ಊಟದ ಕೂಪನ್ನಿನಲ್ಲಿ ಅಚ್ಚಾಗಿವೆ. ಕ್ಯಾಷಿಯರ್ ಕೂಪನ್ ತಿರುಗಿಸಿ ನೋಡಿ, ‘ಇದು ಈಗ ನಡೆಯುವುದಿಲ್ಲ ಸರ್, ಅವರದ್ದು ಹಳೇ ಬಾಕಿ ಉಂಟು’ ಎಂದರು. ಪಾಪ, ಅವರದೇನೂ ತಪ್ಪಿಲ್ಲ. ನಿಮ್ಮ ಟೂರ್ ಮ್ಯಾನೇಜರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಹಿಂದೆ ಬಿಲ್ಲು ಹಿಡಿದು ನಿಂತಿದ್ದವರೆಲ್ಲ ಕೇಳುವಂತೆ ಆತ ಹೇಳಿದ್ದು ಇದು: ‘ಆ ಕಪಲ್ ಪಾರ್ಟಿನಾ? ಆಫರ್ ರೇಟಲ್ಲಿ ಬಂದಿರೋರು. ಇಬ್ಬರಿಗೂ ಸೇರಿ ಒಂದೇ ಪ್ಲೇಟು. ಜಾಸ್ತಿ ಕೇಳಿದ್ರೆ ದುಡ್ಡು ಇಸ್ಕೊಂಡೇ ಬಿಡಿ.’ ‘ಕೂಪನ್ನಿನಲ್ಲಿ ತಲಾ ಒಂದು ಎಂದಿದೆ’ ಎಂದು ನನ್ನ ಪತ್ನಿ ಹೇಳಿದಾಗ, ‘ಮೇಡಂ, ಓದಕ್ಕೆ ಬರುತ್ತಲ್ವಾ? ಕಂಡೀಷನ್ಸ್ ಓದಿ’ ಎಂದು ಫೋನ್ ಕುಕ್ಕಿದ. ಓದಿದೆವು. ಕೂಪನ್ನಿನ ಹಿಂಬದಿ ಖಾಲಿ. ಹಿಂದಿನವರಿಗೆ ದಾರಿ ಬಿಟ್ಟು, ಪಕ್ಕಕ್ಕೆ ಸರಿದು, ಊಟದ್ದೂ ಸೇರಿಸಿ ನಾವೇ ಬಿಲ್ಲು ಕಟ್ಟಿ ಹೊರಬಂದೆವು. ಆ ಬಿಲ್ಲು, ಕೂಪನ್ನಿನ ಎರಡೂ ಬದಿಯ ಫೋಟೋ ಈ ಪತ್ರದ ಜೊತೆಗಿವೆ.

ಪ್ಯಾಕೇಜಿನ ಪೂರ್ತಿ ಮೊತ್ತ, ಉಡುಪಿಯ ಬಿಲ್ಲಿನ ಹಣ, ನನ್ನ ಪತ್ನಿಯ ಹೆಸರಿಗೆ ಆ ಮ್ಯಾನೇಜರ್ ಸಹಿ ಮಾಡಿದ ಕ್ಷಮಾಪಣೆ: ಈ ಮೂರೂ 15 ದಿನದೊಳಗೆ ಬರಬೇಕು. ‘ಮುಂದಿನ ಪ್ರವಾಸಕ್ಕೆ ರಿಯಾಯಿತಿ’ ಎಂದು ಕಳಿಸುವ ಶ್ರಮ ತೆಗೆದುಕೊಳ್ಳಬೇಡಿ.

ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಾಗುತ್ತದೆ. ಅಲ್ಲಿಂದ ನೇರ ಜಿಲ್ಲಾ ಗ್ರಾಹಕರ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವಿರುವ ಊರಿನಲ್ಲೇ ದೂರು ಹಾಕಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಎರಡು ವರ್ಷದ ಅವಕಾಶವಿದೆ. ಪ್ರತಿ ವಿಚಾರಣೆಗೂ ನಾವಿಬ್ಬರೂ ಬರುತ್ತೇವೆ. ನಿಮ್ಮ ಟೂರ್ ಮ್ಯಾನೇಜರ್ ಆ ಮಾತುಗಳನ್ನು ಆಯೋಗದ ಮುಂದೆಯೂ ಅಷ್ಟೇ ಗಟ್ಟಿಯಾಗಿ ಹೇಳಲಿ.

ಇಂತಿ,
ನಿಮ್ಮ ‘ಆಫರ್ ರೇಟಿನ’ ಗ್ರಾಹಕರು
(ಬುಕಿಂಗ್ ವಿವರ ಲಗತ್ತಿಸಿದೆ)