ವಕೀಲಳಾಗುವವಳು ಕೆಮಿಸ್ಟ್ರಿ ಓದಬಹುದೇ?

ಶಿವಮೊಗ್ಗ

ಚಿರಂಜೀವಿ ಅನಘಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪಿಯುಸಿ ಫಲಿತಾಂಶ ಅಮ್ಮನಿಂದ ತಿಳಿಯಿತು. ರಸಾಯನಶಾಸ್ತ್ರದ ಅಂಕ ಕೇಳಿ ಬಹಳ ಸಂತೋಷವಾಯಿತು. ಜೊತೆಗೆ ಇನ್ನೊಂದು ಮಾತೂ ಕಿವಿಗೆ ಬಿತ್ತು. ಲಾ ಓದುವುದೆಂದು ನಿಶ್ಚಯವಾದ ಮೇಲೆ ಇನ್ನು ಕೆಮಿಸ್ಟ್ರಿ ಯಾಕೆ, ಬಿ.ಎ. ಸೇರಿ ರಾಜ್ಯಶಾಸ್ತ್ರ ತೆಗೆದುಕೋ ಎಂದು ಅಪ್ಪ ಹೇಳುತ್ತಿದ್ದಾರಂತೆ, ಬಿ.ಕಾಂ. ಆದರೆ ಎಲ್ಲಿಯೂ ಮೋಸವಿಲ್ಲ ಎಂದು ಮಾವ ಹೇಳುತ್ತಿದ್ದಾರಂತೆ. ನೀನು ಹಿರಿಯರಿಗೆ ಎದುರಾಡಬಾರದೆಂದು ಸುಮ್ಮನಿದ್ದೀಯಂತೆ. ಸುಮ್ಮನಿರಬೇಡ. ಬಿ.ಎಸ್ಸಿ.ಗೇ ಸೇರು. ಕಾರಣಗಳನ್ನು ಬರೆಯುತ್ತೇನೆ, ಅಪ್ಪನಿಗೂ ಓದಲು ಕೊಡು.

ಮೂರು ವರ್ಷದ ಎಲ್‌ಎಲ್‌.ಬಿ.ಗೆ ಯಾವ ಪದವಿಯಾದರೂ ನಡೆಯುತ್ತದೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಬೇಕಾದದ್ದು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ, ಸಾಮಾನ್ಯ ವರ್ಗದವರಿಗೆ ಅದರಲ್ಲಿ ಶೇ. 45 ಅಂಕ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಿಗೂ ಇದೇ ಆಧಾರ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 2022ರಲ್ಲಿ ಆರಂಭಿಸಿದ ಮೂರು ವರ್ಷದ ಕೋರ್ಸಿಗೆ ಎನ್‌ಎಲ್‌ಸ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅಲ್ಲಿಯೂ ಇಂಥದ್ದೇ ವಿಷಯ ಓದಿರಬೇಕೆಂದಿಲ್ಲ. ಐದು ವರ್ಷದ ಕೋರ್ಸಿಗೆ ಹೋಗಿದ್ದರೆ ಒಂದು ವರ್ಷ ಉಳಿಯುತ್ತಿತ್ತು ಎಂಬ ಅಪ್ಪನ ಲೆಕ್ಕ ಸರಿಯೇ. ಆದರೆ ನಮ್ಮ ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೇ ಬಂದಿರುವುದರಿಂದ ವ್ಯತ್ಯಾಸ ಆ ಒಂದೇ ವರ್ಷ. ಹದಿನೆಂಟರ ಹುಡುಗಿಗೆ ಅದೇನೂ ದೊಡ್ಡ ನಷ್ಟವಲ್ಲ.

ಇನ್ನು ರಾಜ್ಯಶಾಸ್ತ್ರದ ಮಾತು. ನಿನಗೆ ಅದರಲ್ಲಿ ಆಸಕ್ತಿ ಇದ್ದಿದ್ದರೆ ನಾನೇ ಓದು ಎನ್ನುತ್ತಿದ್ದೆ. ಕಾನೂನಿಗೆ ಹತ್ತಿರದ್ದೆಂಬ ಒಂದೇ ಕಾರಣಕ್ಕೆ ಬೇಡ. ಸಂವಿಧಾನವನ್ನು ಲಾ ಕಾಲೇಜಿನಲ್ಲಿ ಅ ಆ ಇ ಈಯಿಂದ ಕಲಿಸುತ್ತಾರೆ. ಅಲ್ಲಿ ಹೇಗೂ ಕಲಿಸುವುದನ್ನು ಮುಂಚೆಯೇ ಅರೆಮನಸ್ಸಿನಿಂದ ಓದಿಕೊಂಡು ಹೋಗುವುದಕ್ಕಿಂತ, ಅಲ್ಲಿ ಯಾರೂ ಕಲಿಸದೇ ಇರುವುದನ್ನು ಚೆನ್ನಾಗಿ ಕಲಿತು ಹೋಗು.

ಕೋರ್ಟಿನಲ್ಲಿ ಕೆಮಿಸ್ಟ್ರಿಗೆ ಏನು ಕೆಲಸ ಎಂದು ಅಪ್ಪ ಕೇಳಿಯಾರು. ಒಂದು ಗಾಂಜಾ ಪ್ರಕರಣವನ್ನೇ ತೆಗೆದುಕೊಳ್ಳೋಣ. ಮಾದಕ ವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ನಿಂತಿರುವುದು ತೂಕದ ಮೇಲೆ. ಒಂದು ಕಿಲೋವರೆಗೆ ಸಣ್ಣ ಪ್ರಮಾಣ, ಹೆಚ್ಚೆಂದರೆ ಒಂದು ವರ್ಷ ಸಜೆ. ಇಪ್ಪತ್ತು ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ. ಆದರೆ ಅದೇ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ ಮಾತ್ರ. ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜ ಅದರಲ್ಲಿ ಸೇರುವುದಿಲ್ಲ. ಜಪ್ತಿ ಮಾಡಿದ ಚೀಲದಲ್ಲಿ ಕಾಂಡ, ಎಲೆ, ಬೀಜ, ತುದಿ ಎಲ್ಲವೂ ಹಸಿಹಸಿಯಾಗಿ ತುಂಬಿದ್ದು, ಒಟ್ಟಿಗೇ ತೂಗಿ ಇಪ್ಪತ್ತೊಂದು ಕಿಲೋ ಎಂದು ಪಂಚನಾಮೆಯಲ್ಲಿ ಬರೆದಿದ್ದರೆ? ಬೇರ್ಪಡಿಸಿ ತೂಗಿದರೇ, ಮಾದರಿ ತೆಗೆದದ್ದು ಚೀಲದ ಯಾವ ಭಾಗದಿಂದ, ಅರಗಿನ ಮೊಹರು ಪ್ರಯೋಗಾಲಯ ತಲುಪಿದಾಗ ಸರಿಯಾಗಿತ್ತೇ, ಯಾವ ಪರೀಕ್ಷೆ ಮಾಡಿ ಗಾಂಜಾ ಎಂದು ತೀರ್ಮಾನಿಸಿದರು ಎಂದೆಲ್ಲ ಪಾಟೀಸವಾಲಿನಲ್ಲಿ ಕೇಳಬೇಕು. ಒಬ್ಬ ಮನುಷ್ಯನ ಹತ್ತು ವರ್ಷ ಆ ಪ್ರಶ್ನೆಗಳ ಮೇಲೆ ನಿಂತಿರುತ್ತದೆ. ಎಫ್‌ಎಸ್‌ಎಲ್, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತೆಂದರೆ ಕೊನೆಯ ಸಾಲು ಮಾತ್ರ ಓದಿ ಕಡತ ಮುಚ್ಚುವ ವಕೀಲರನ್ನು ನಾನು ಬಹಳ ಕಂಡಿದ್ದೇನೆ. ನೀನು ಮೊದಲ ಸಾಲಿನಿಂದ ಓದಬಲ್ಲೆ. ಸರ್ಕಾರಿ ಅಭಿಯೋಜಕಿಯಾದರೂ ಈ ವಿದ್ಯೆ ಅಷ್ಟೇ ಬೇಕು. ದುರ್ಬಲ ವರದಿಯನ್ನು ಹಿಡಿದು ಯಾರನ್ನೂ ಜೈಲಿಗೆ ಕಳುಹಿಸಬಾರದು.

ಬೇರೆ ವಿಷಯಗಳು ಕಡಿಮೆ ಎಂದು ತಿಳಿಯಬೇಡ. ಇತಿಹಾಸ ಓದಿದವರಿಗೆ ಜಮೀನಿನ ದಾವೆಗಳಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ 1974ರ ಮಾರ್ಚ್ 1ರ ತಾರೀಕು ಯಾಕೆ ಮತ್ತೆ ಮತ್ತೆ ಬರುತ್ತದೆ, ಅದಕ್ಕಿಂತ ಹಿಂದಿನ ಪಹಣಿಗಳಲ್ಲಿ ಸಾಗುವಳಿದಾರರ ಹೆಸರನ್ನು ಯಾಕೆ ಹುಡುಕುತ್ತಾರೆ ಎಂಬುದು ಬೇಗ ಅರ್ಥವಾಗುತ್ತದೆ. ಚೆಕ್ ಬೌನ್ಸ್ ಪ್ರಕರಣದಲ್ಲಿ ಖಾತೆಪುಸ್ತಕ ಮುಂದಿಟ್ಟರೆ ಬಿ.ಕಾಂ. ಓದಿದವರು ತಡವರಿಸುವುದಿಲ್ಲ. ಆದರೆ ಇತಿಹಾಸವಾಗಲಿ ಲೆಕ್ಕಪತ್ರವಾಗಲಿ ನಿನ್ನ ಒಲವಲ್ಲ. ಇಷ್ಟವಿಲ್ಲದ ವಿಷಯದಲ್ಲಿ ಮೂರು ವರ್ಷ ತಳ್ಳಿದರೆ ಅಂಕವೂ ಬರುವುದಿಲ್ಲ, ವಿದ್ಯೆಯೂ ಉಳಿಯುವುದಿಲ್ಲ.

ವಿಜ್ಞಾನದ ಪದವಿ ಇಲ್ಲದೆ ಹೋಗಲಾಗದ ಹಾದಿಯೂ ಒಂದಿದೆ. 1970ರ ಪೇಟೆಂಟ್ ಕಾಯ್ದೆಯ 126ನೆಯ ಕಲಮಿನ ಪ್ರಕಾರ ಪೇಟೆಂಟ್ ಏಜೆಂಟ್, ಅಂದರೆ ಹೊಸ ಆವಿಷ್ಕಾರಗಳ ಹಕ್ಕಿಗೆ ಬೇರೆಯವರ ಪರವಾಗಿ ಅರ್ಜಿ ನಡೆಸುವವರು, ಆಗಲು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರಲೇಬೇಕು, ಅದರ ಮೇಲೆ ಸಾಮಾನ್ಯವಾಗಿ ಪರೀಕ್ಷೆಯೂ ಪಾಸಾಗಬೇಕು. ಎಲ್‌ಎಲ್‌.ಬಿ. ಒಂದರಿಂದಲೇ ಆ ಬಾಗಿಲು ತೆರೆಯುವುದಿಲ್ಲ. ಮೂರು ವರ್ಷದ ನಂತರ ಲಾ ಬೇಡವೆನಿಸಿದರೆ ಎಂ.ಎಸ್ಸಿ. ಇದ್ದೇ ಇದೆ. ಆಗ ನಮ್ಮ ಮನೆಯಲ್ಲಿ ಯಾರೂ ನಿನ್ನನ್ನು ಏನೂ ಅನ್ನದಂತೆ ನಾನು ನೋಡಿಕೊಳ್ಳುತ್ತೇನೆ.

ಒಂದು ಕೊರತೆ ಮಾತ್ರ ಬಿ.ಎಸ್ಸಿ.ಯಲ್ಲಿ ಖಂಡಿತ ಇದೆ, ಅದನ್ನು ನೀನೇ ತುಂಬಿಕೊಳ್ಳಬೇಕು. ಅಲ್ಲಿ ಸಮೀಕರಣ ಬರೆಯುತ್ತೀಯೇ ಹೊರತು ಪುಟಗಟ್ಟಲೆ ವಾದ ಬರೆಯುವುದಿಲ್ಲ. ನಮ್ಮ ಕೆಲಸವೆಲ್ಲ ಬರವಣಿಗೆಯದು. ನಮ್ಮ ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಸಾಕ್ಷಿ ಹೇಳಿಕೆ ಕನ್ನಡದಲ್ಲಿ, ಹೈಕೋರ್ಟಿನಲ್ಲಿ ವ್ಯವಹಾರ ಇಂಗ್ಲಿಷಿನಲ್ಲಿ. ಎರಡೂ ಕೈಗೆ ಹತ್ತಬೇಕು. ಭಾಷಾ ಪತ್ರಿಕೆಗಳನ್ನು ಪಾಸಾದರೆ ಸಾಕೆಂದು ಬಿಡಬೇಡ. ವಾರಕ್ಕೊಂದು ತೀರ್ಪು ಓದಿ, ನಡೆದದ್ದೇನು, ಪ್ರಶ್ನೆ ಏನಿತ್ತು, ನ್ಯಾಯಾಲಯ ಯಾವ ಕಾರಣಕ್ಕೆ ಏನು ಹೇಳಿತು ಎಂಬುದನ್ನು ಒಂದೇ ಪುಟದಲ್ಲಿ ಬರೆ. ನಿಮ್ಮ ಬೀದಿಯವರು ಪಂಚಾಯಿತಿಗೆ ಕೊಡುವ ಅರ್ಜಿ, ಮಾಹಿತಿ ಹಕ್ಕಿನ ಅರ್ಜಿ ಇದ್ದರೆ ನೀನು ಬರೆದುಕೊಡು. ಓದು ಬರಹ ಬಾರದವರ ಕಷ್ಟವನ್ನು ಅವರ ಬಾಯಿಂದ ಕೇಳಿ ಕಾಗದಕ್ಕೆ ಇಳಿಸುವ ಅಭ್ಯಾಸ ಈಗಿನಿಂದಲೇ ಆಗಲಿ.

ಕಾಲೇಜಿಗೆ ಅರ್ಜಿ ಹಾಕುವಾಗ ರಸಾಯನಶಾಸ್ತ್ರದ ಜೊತೆ ಸಸ್ಯಶಾಸ್ತ್ರ ಇರುವ ಕಾಂಬಿನೇಷನ್ ಸಿಗುತ್ತದೆಯೇ ಎಂದು ವಿಚಾರಿಸು. ಕೊನೆಯ ದಿನದವರೆಗೆ ಕಾಯಬೇಡ. ಮೊದಲ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಒಂದು ವಾರ ಇಲ್ಲಿಗೆ ಬಾ, ಸಾಕ್ಷಿ ವಿಚಾರಣೆ ಇರುವ ದಿನ ಕೋರ್ಟಿಗೆ ಕರೆದುಕೊಂಡು ಹೋಗುತ್ತೇನೆ. ಭಾನುವಾರ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡುತ್ತೇನೆ, ಅಷ್ಟರಲ್ಲಿ ಅವರು ಈ ಪತ್ರ ಓದಿರಲಿ.

ಇಂತು,
ನಿನ್ನ ದೊಡ್ಡಮ್ಮ